ಅಳಿವೆಯ ತುದಿಯಲ್ಲಿ ಆಯಿಯ ಜಾಗ

ನನ್ನ ಆಯಿಗೆ, ಅಂದರೆ ಅಮ್ಮನಿಗೆ, ಯಾರಾದರೂ ಏಳು ಅಂದರೆ ಎದ್ದುಬಿಡುವ ರೋಗ. ಬಸ್ಸಿನಲ್ಲಿ ಮೊದಲೇ ಹತ್ತಿ ಹಿಡಿದ ಸೀಟನ್ನೂ ಯಾರೋ ಒಬ್ಬ ಗುರಾಯಿಸಿದನೆಂದು ಬಿಟ್ಟುಕೊಟ್ಟು, ಕಂಬ ಹಿಡಿದು ನಿಲ್ಲುವವಳು. ನೌಕಾನೆಲೆಗೆಂದು ಸರಕಾರ ಅಮದಳ್ಳಿ ಕಡೆಯ ನಮ್ಮ ಮನೆ ತೆಗೆದುಕೊಂಡಾಗಲೂ ಅಷ್ಟೇ. ಊರವರು ಇನ್ನೂ ಮಾತುಕತೆ, ಮೀಟಿಂಗು ಎಂದು ಓಡಾಡುತ್ತಿರುವಾಗಲೇ ಇವಳು ಮೀನುಬುಟ್ಟಿಗಳನ್ನು ಒಂದರೊಳಗೊಂದು ತುರುಕಿ ಟೆಂಪೋ ಹತ್ತಿದಳು. ಬದಲಿಗೆ ಶಿರವಾಡದಲ್ಲಿ ಸಿಕ್ಕ ಸೈಟಿನಲ್ಲಿ ನನ್ನ ತಮ್ಮ ಮನೆ ಕಟ್ಟಿದ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ರೈಲಿನ ಸದ್ದು ಕೇಳುತ್ತದೆ.

ಮೀನು ಒಣಗಿಸುವವಳಿಗೆ ಮರಳು ಬೇಕಲ್ಲ. ಆಯಿ ದಿನಾ ಬಸ್ಸು ಹಿಡಿದು ಕಾಳಿ ನದಿಯ ಅಳಿವೆಗೆ ಹೋಗತೊಡಗಿದಳು. ಅಲ್ಲಿಯ ಹೆಂಗಸರಿಗೆ ಅವರವರ ಜಾಗ ಮೊದಲಿನಿಂದಲೂ ಇತ್ತು. ಹೊರಗಿನಿಂದ ಬಂದ ಇವಳಿಗೆ ಸಿಕ್ಕಿದ್ದು ತೀರ ತುದಿ, ನದಿ ಸಮುದ್ರಕ್ಕೆ ಬೀಳುವಲ್ಲಿ. ಅಲ್ಲೇ ನಾಲ್ಕು ತೆಂಗಿನ ಮಡಲು ಕಟ್ಟಿ ನೆರಳು ಮಾಡಿಕೊಂಡು, ತಾರ್ಲೆ ಮೀನು, ಶೆಟ್ಲಿ ಎಂಬ ಸಿಗಡಿ ಹರವಿ, ಉದ್ದದ ಕೋಲು ಹಿಡಿದು ಸಂಜೆತನಕ ಕಾಗೆ ನಾಯಿಗಳಿಗೆ ಬಯ್ಯುತ್ತ ಕೂರುತ್ತಿದ್ದಳು. ಮಳೆಗಾಲಕ್ಕೆ ಮೊದಲಿನ ಆ ಬಿಸಿಲಿನ ಒಣಮೀನೇ ಅವಳ ಇಡೀ ವರ್ಷದ ಬದುಕು. ಆ ತುದಿಯೂ ಕೈತಪ್ಪಿದರೆ ಕಾರವಾರದಲ್ಲಿ ಅವಳಿಗೆ ಬೇರೆ ಮರಳಿರಲಿಲ್ಲ.

ನಾನಾಗ ಅಂಕೋಲೆಯ ಶಾಲೆಯೊಂದರಲ್ಲಿ ಕಲಿಸುತ್ತಿದ್ದೆ. ಆ ವರ್ಷ ಬೇಸಿಗೆ ರಜೆಗೆ ಬಂದು ಆಯಿಯ ಜೊತೆ ಅಳಿವೆಗೆ ಹೋದರೆ, ಅವಳ ಮಡಲಿನ ಚಪ್ಪರದ ಆಚೆಗೇ ಹಕ್ಕಿಗಳ ಸಂತೆ. ಬಿಳಿ ಮೈ, ತಲೆಗೆ ಕರಿ ಟೊಪ್ಪಿಗೆ ಹಾಕಿದ ಹಾಗೆ. ಪುಸ್ತಕದಲ್ಲಿ ಅವಕ್ಕೆ ರೀವ ಎಂದು ಹೆಸರು. ಗೂಡು ಎಂಬುದೇ ಇಲ್ಲ. ಮರಳಿನಲ್ಲಿ ಒಂದು ತಗ್ಗು, ಅದರಲ್ಲಿ ಚುಕ್ಕೆಚುಕ್ಕೆ ಮೊಟ್ಟೆ. ನಾಲ್ಕು ಹೆಜ್ಜೆ ಹತ್ತಿರ ಹೋದರೆ ಸಾಕು, ಕಿರುಚುತ್ತ ತಲೆಗೇ ಎರಗುತ್ತಿದ್ದವು.

"ಭಾರೀ ಸೊಕ್ಕು ಇವಕ್ಕೆ. ನಂಗೇ ಏಳು ಹೇಳ್ತವೆ" ಎಂದು ಆಯಿ ನಕ್ಕಳು.

ಎರಡು ದಿನ ಬಿಟ್ಟು, ಕುತ್ತಿಗೆಗೆ ದುರ್ಬೀನು ಹಾಕಿಕೊಂಡ ಒಬ್ಬರು ಮರಳಿನ ಮೇಲೆ ಬಂದರು. ನೋಡಿದರೆ ನಮ್ಮ ಅಂಕೋಲೆಯ ಹೈಸ್ಕೂಲು ಮಾಸ್ತರರು! ರಜೆ ಬಂತೆಂದರೆ ಹಕ್ಕಿ ಹಕ್ಕಿ ಎಂದು ಹೊಳೆದಂಡೆ ಸುತ್ತುವ ಪ್ರಾಣಿ.

"ಅಕ್ಕೋರೆ, ನೀವು ಇಲ್ಲಿ? ಇವ್ರು ನಿಮ್ಮ ಆಯಿಯಾ? ಹಂಗಾರೆ ಕೇಳೂಕೆ ಸಲೀಸಾಯ್ತು" ಎಂದರು. "ಇಲ್ಲಿ ಇವು ಮೊಟ್ಟೆ ಇಟ್ಟದ್ದು ನಾ ನೋಡೂದು ಇದೇ ಮೊದ್ಲು. ಜನ ಕೂತ್ರೆ ಬಿಟ್ಟು ಹೋಗ್ತವೆ. ಮರಿ ಹಾರೂ ತನಕ ಆಯಿ ಬೇರೆ ಕಡೆ ಮೀನು ಒಣಗ್ಸಿದ್ರೆ ದೊಡ್ಡ ಉಪಕಾರ ಆಗ್ತದೆ."

ಸರಕಾರದ ಹುಕುಮಲ್ಲ, ಎಂತದ್ದಲ್ಲ, ಬರೀ ಕೇಳಿಕೊಂಡದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದೆ ಮಡಲಿನ ಸದ್ದು. ತಿರುಗಿದರೆ ಆಯಿ ಚಪ್ಪರದ ಕಟ್ಟು ಬಿಚ್ಚುತ್ತಿದ್ದಾಳೆ.

"ಆಯೀ, ಎಂತಕ್ಕೆ ಬಿಚ್ತಿ? ಅವ್ರು ಕೇಳಿದ್ದಷ್ಟೇ."

"ಹೌದು, ಕೇಳಿದ್ರಲ್ಲ" ಎಂದಳು. ಅಷ್ಟರಲ್ಲಿ ಅರ್ಧ ಚಪ್ಪರ ಇಳಿದಿತ್ತು.

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರ ಮೇಲೆ ಸಿಟ್ಟು ಮಾಡುವುದೆಂದೇ ತಿಳಿಯಲಿಲ್ಲ. ಮಾಸ್ತರರ ಮೇಲೆಯೇ? ಪಕ್ಷಿಗಳನ್ನು ರಕ್ಷಿಸಿ ಎಂದು ಮಕ್ಕಳ ಕೈಯಲ್ಲಿ ಚಾರ್ಟು ಬರೆಸಿ ಗೋಡೆಗೆ ಅಂಟಿಸಿದವಳು ನಾನೇ. ಹಕ್ಕಿಯ ಮೇಲೆಯೇ? ಅದಕ್ಕೂ ಮರಳು ಬೇಕು, ಆಯಿಗೂ ಮರಳು ಬೇಕು. ಸಿಕ್ಕಿದವಳು ಆಯಿ ಒಬ್ಬಳೇ, ಬಸ್ಸಿನ ದಾರಿಯುದ್ದಕ್ಕೂ ಅವಳನ್ನೇ ಬೈದೆ.

ಶಿರವಾಡದ ತಾರಸಿಯ ಮೇಲೆ ಮೀನು ಹರವಿದಳು. ಕಾಂಕ್ರೀಟಿನ ಮೇಲೆ ಮೀನು ಒಣಗುವುದಲ್ಲ, ಬೇಯುವುದು. ತಾರ್ಲೆಯ ಹೊಟ್ಟೆ ಒಡೆದು ಎಣ್ಣೆ ಜಿನುಗಿತು, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು, ಬೆಕ್ಕುಗಳಿಗೆ ಹಬ್ಬವೋ ಹಬ್ಬ. ಅಷ್ಟಾದರೂ ಆಯಿ ಕೇಳಿದ್ದು ಒಂದೇ ಮಾತು: "ಮೊಟ್ಟೆ ಒಡ್ದು ಮರಿ ಬಂತೋ ಏನೋ." ಇವಳಿಗೆ ತನ್ನ ಮೀನಿನ ಚಿಂತೆ ಇದೆಯೋ ಇಲ್ಲವೋ ಎಂದು ನನಗೆ ತಲೆಕೆಟ್ಟುಹೋಯಿತು.

ಒಂದು ಮಧ್ಯಾಹ್ನ ಮಾಸ್ತರರ ಸ್ಕೂಟರು ನಮ್ಮ ಅಂಗಳಕ್ಕೆ ಬಂತು. ಅವರ ಮುಖ ಬಾಡಿಹೋಗಿತ್ತು. ಬಾ, ಬೈಯಲಿಕ್ಕೇ ಕಾದಿದ್ದೇನೆ ಎಂದು ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

"ಕಾಗೆ, ನಾಯಿ ಸೇರಿ ಹೆಚ್ಚಿನ ಮೊಟ್ಟೆ ಎಲ್ಲಾ ತಿಂದ್ವು ಅಕ್ಕೋರೆ" ಎಂದರು. "ಆಯಿ ಕೋಲು ಹಿಡ್ಕಂಡು ಕೂತಾಗ ಒಂದು ಕಾಗೆಯೂ ಇಳೀತಿರ್ಲಿಲ್ಲ. ಅವ್ರ ಧೈರ್ಯದ ಮೇಲೇ ಹಕ್ಕಿ ಅಲ್ಲಿ ಮೊಟ್ಟೆ ಇಟ್ಟಿದ್ವೋ, ಸುಮ್ನೇ ಇಟ್ಟಿದ್ವೋ. ನಂಗೆ ಏನೂ ತಿಳೀತಿಲ್ಲ."

ಮಾಸ್ತರಿಕೆ ಮಾಡುವವರು ತಿಳಿಯದು ಅನ್ನುವುದನ್ನು ನಾನು ಕೇಳಿದ್ದೇ ಕಡಿಮೆ. ಸೊಂಟಕ್ಕೆ ಸಿಕ್ಕಿಸಿದ ಸೆರಗನ್ನು ಇಳಿಬಿಟ್ಟೆ. ಅವರು ಆಯಿಯ ಕಡೆ ತಿರುಗಿ, "ಮಾವ್ಶಿ, ನಿಮ್ಮ ಜಾಗಕ್ಕೆ ವಾಪಸ್ ಬನ್ನಿ" ಎಂದರು.

ಆಯಿ ಮೀನು ತಿರುವುತ್ತಿದ್ದ ಕೈ ಒರೆಸಿಕೊಂಡು ಎದುರಿಗೆ ಬಂದು ನಿಂತಳು. "ಎಂತ ಹೇಳಿದ್ರಿ? ಇನ್ನೊಂದ್ ಸಲ ಹೇಳಿ."

ಅವಳ ಕಿವಿ ಚುರುಕಾಗಿಯೇ ಇತ್ತು. ಮಾಸ್ತರರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅವರು ಮತ್ತೊಮ್ಮೆ ಹೇಳಿದರು. ಆಯಿ ಮೆಟ್ಟಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಮೊಟ್ಟೆ ಹೋದದ್ದಕ್ಕೆ ಇಷ್ಟು ಅಳುವುದೇ ಎಂದು ನಾನು ಪೆದ್ದಿಯ ಹಾಗೆ ನಿಂತಿದ್ದೆ.

ಮರುದಿನವೇ ಚಪ್ಪರ ಎದ್ದಿತು. ಕೆಲವು ಹಕ್ಕಿಗಳು ಹೊಸದಾಗಿ ಮರಳು ಕೆದರಿ ಮತ್ತೆ ಮೊಟ್ಟೆ ಇಟ್ಟವು, ಅದೂ ಅವಳ ಕೋಲು ತಾಗುವಷ್ಟು ಹತ್ತಿರ. ಇಟ್ಟು, ಅವಳ ತಲೆಗೇ ಎರಗಿದವು. ಅವಳನ್ನು ನಂಬುತ್ತವೋ, ಅವಳಿಗೆ ಹೆದರುತ್ತವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ಬುಟ್ಟಿಯನ್ನು ತಲೆಗೆ ಕವುಚಿಕೊಂಡು ಮೀನು ತಿರುವುತ್ತಿದ್ದಳು.

ಶಾಲೆ ಶುರುವಾಗುವ ಮುಂಚಿನ ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅವತ್ತು ಎಂತಕ್ಕೆ ಅತ್ತದ್ದು ಆಯೀ? ಮೊಟ್ಟೆ ಹೋಯ್ತು ಹೇಳಿಯಾ, ಮೀನು ಹಾಳಾಯ್ತು ಹೇಳಿಯಾ?"

ಆಯಿ ಬುಟ್ಟಿಯ ಕೆಳಗಿನಿಂದ ನನ್ನನ್ನು ನೋಡಿದಳು.

"ಎಬ್ಬಿಸ್ದವ್ರು ವಾಪಸ್ ಕರಿಯೂಕೆ ಮನೆ ತನಕ ಬಂದದ್ದು ಇದೇ ಮೊದ್ಲು, ತಂಗೀ."