ಖಾಲಾಳ ತಾಯಿಯನ್ನು ನಾನು ನೋಡಿ ಬಂದದ್ದು

ಸೌದಿಯ ಗಡಿಪೇಟೆ ಖಾಫ್ಜಿಯ ನಮ್ಮ ಬಿಲ್ಡಿಂಗಿನಲ್ಲಿ ಯಾರಿಗಾದರೂ ಊರಿನಿಂದ ಕೆಟ್ಟ ಸುದ್ದಿ ಬಂದರೆ ಯಾರೂ ಯಾರಿಗೂ ಕೆಲಸ ಹೇಳಬೇಕಾಗಿಲ್ಲ. ಅಳುವವರು ಅಳುತ್ತಿರುತ್ತಾರೆ, ಉಳಿದವರ ಕೈ ಓಡುತ್ತದೆ. ಒಬ್ಬರು ಕಪಾಟಿನ ಮೇಲಿನಿಂದ ಸೂಟ್‌ಕೇಸ್ ಇಳಿಸುತ್ತಾರೆ, ಇನ್ನೊಬ್ಬರು ಮಕ್ಕಳನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ, ಗಂಡಸರಲ್ಲಿ ಯಾರಾದರೂ ವೀಸಾ ಕೊಟ್ಟ ಧಣಿಯಾದ ಕಫೀಲನ ಬೆನ್ನು ಹತ್ತಿ ಊರಿಗೆ ಹೋಗಿಬರುವ ಪರವಾನಗಿ ಹಾಕಿಸುತ್ತಾರೆ. ಇಷ್ಟು ವರ್ಷಗಳಲ್ಲಿ ಅದು ನಮಗೆ ಅನ್ನ ಬಾಗಿಸಿದಷ್ಟೇ ರೂಢಿಯಾಗಿದೆ.

ಆ ಮಧ್ಯಾಹ್ನ ಕೆಳಮನೆಯಿಂದ ಅಳು ಕೇಳಿಸಿದಾಗಲೂ ನಾನು ಹಾಗೆಯೇ ಓಡಿದೆ. ಅಲ್ಲಿರುವುದು ಒಬ್ಬರು ಅರಬ್ ವಿಧವೆ. ನನ್ನ ಮಕ್ಕಳು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವುದರಿಂದ ನನಗೂ ಖಾಲಾ. ಮಕ್ಕಳ ಯೂನಿಫಾರ್ಮ್ ಗಿಡ್ಡವಾದರೆ ಅಂಚು ಬಿಚ್ಚಿ ಉದ್ದ ಮಾಡಿಕೊಡುವವರು ಅವರೇ. ನಮ್ಮಿಂದ ಕಲಿತ ಮುರುಕು ಹಿಂದಿಯಲ್ಲಿ ಅವರು ಹೇಳಿದ್ದಿಷ್ಟು: ಕುವೈತಿನ ಜಹ್ರಾದಲ್ಲಿರುವ ತಾಯಿ ಆಸ್ಪತ್ರೆ ಸೇರಿದ್ದಾರೆ, ಉಳಿಯುವುದು ಕಷ್ಟವೆಂದು ತಮ್ಮ ಫೋನ್ ಮಾಡಿದ್ದಾನೆ.

ನನಗೆ ಒಂದು ಬಗೆಯ ಸಮಾಧಾನವೇ ಆಯಿತು. ಮಂಗಳೂರಿಗೆ ಸಮುದ್ರ ದಾಟಬೇಕು. ಕುವೈತಿನ ಗಡಿಯಾದರೋ ನಮ್ಮ ಪೇಟೆಯ ಪಕ್ಕದಲ್ಲೇ ಇದೆ. “ಅಳಬೇಡಿ ಖಾಲಾ, ಸಂಜೆಯೊಳಗೆ ಅಮ್ಮನ ಹತ್ತಿರ ಇರ್ತೀರಿ” ಎನ್ನುತ್ತಾ ಬ್ಯಾಗಿಗೆ ಬಟ್ಟೆ ತುಂಬತೊಡಗಿದೆ. ಆಸ್ಪತ್ರೆಯ ಏಸಿಗೆ ಚಳಿಯಾದೀತೆಂದು ಒಂದು ಶಾಲನ್ನೂ ಇಟ್ಟೆ. ಮೇಲಿನ ಮನೆಯ ಉಡುಪಿಯ ಅಕ್ಕ ಚಪಾತಿಯ ಪೊಟ್ಟಣದೊಂದಿಗೆ ಬಂದರು.

“ನಿಮಗೆಂತ ಖಾಲಾ, ಇಲ್ಲಿಯವರ ಗುರುತಿನ ಕಾರ್ಡು ತೋರಿಸಿದ್ರೆ ಆಯ್ತು. ನಮ್ಮ ಹಾಗೆ ಕಫೀಲನ ಕಾಲು ಹಿಡಿಲಿಕ್ಕುಂಟಾ?”

ಖಾಲಾ ಅಳು ನಿಲ್ಲಿಸಿದರು. ನಾನು ಮಡಚಿಟ್ಟ ಬಟ್ಟೆಗಳನ್ನು ಮಡಿಕೆ ಕೆಡದಂತೆ ಒಂದೊಂದಾಗಿ ಹೊರಗೆ ತೆಗೆದರು.

“ಕಾರ್ಡಿಲ್ಲ.”

“ಕಳೆದುಹೋಯ್ತಾ?” ಎಂದೆ.

“ಇರಲೇ ಇಲ್ಲ.”

ಅಕ್ಕ ನನ್ನ ಕಿವಿಯ ಬಳಿ, “ಎಂತ ಮಾರಾಯ್ತಿ, ಕಫೀಲನ ಹತ್ರದಿಂದ ಓಡಿ ಬಂದದ್ದಾ? ಓಡಿದವರಿಗೆ ಸರ್ಕಾರ ಮಾಫಿ ಬಿಟ್ಟಾಗ ಊರಿಗೆ ಹೋಗ್ಬೇಕಿತ್ತಪ್ಪ” ಎಂದರು. ಕಾಗದ ಇಲ್ಲದವರೆಂದರೆ ನಮ್ಮವರಿಗೆ ಗೊತ್ತಿರುವುದು ಆ ಒಂದೇ ಜಾತಿ. ಕಫೀಲ್, ಮಾಫಿ ಎಂಬ ಎರಡು ಮಾತು ಕೇಳಿಯೇ ಖಾಲಾಳಿಗೆ ಎಲ್ಲ ತಿಳಿಯಿತು.

“ಓಡಿ ಬರಲಿಕ್ಕೂ ಒಂದು ದೇಶ ಬೇಕಲ್ಲ, ತಂಗಿ?” ಎಂದು ನಕ್ಕೇ ಬಿಟ್ಟರು. “ನಾವು ಬಿದೂನ್.”

ಬಿದೂನ್ ಎಂದರೆ ‘ಇಲ್ಲದೆ’. ಜ್ಯೂಸ್ ಅಂಗಡಿಯಲ್ಲಿ ಸಕ್ಕರೆ ಬೇಡ ಎನ್ನಲು ನಾನು ದಿನವೂ ಆಡುವ ಮಾತು. ಮನುಷ್ಯರನ್ನೂ ಹಾಗೆ ಕರೆಯುತ್ತಾರೆಂದು ಅಂದೇ ಗೊತ್ತಾದದ್ದು. ಖಾಲಾಳ ಅಜ್ಜ ಇದೇ ಮರಳಿನಲ್ಲಿ ಒಂಟೆ ಮೇಯಿಸಿದವರು. ದೇಶಗಳು ಗೆರೆ ಎಳೆದು ಜನರ ಹೆಸರು ಬರೆದುಕೊಳ್ಳುವಾಗ ಅವರು ಮೇವು ಹುಡುಕಿ ಎಲ್ಲೋ ಹೋಗಿದ್ದರು. ಅವರ ಮಗನಿಗೂ ಮೊಮ್ಮಗಳಿಗೂ ದೇಶವಿಲ್ಲವಾಯಿತು. ಕೇಳುವವರು ಕಡಿಮೆಯಿದ್ದ ಕಾಲದಲ್ಲಿ ಖಾಲಾ ಗಡಿಯ ಈಚೆಗೆ ಮದುವೆಯಾಗಿ ಬಂದರು, ತಮ್ಮ ಹಾಗೆಯೇ ಕಾಗದವಿಲ್ಲದ ನೆಂಟನನ್ನು. ಆಮೇಲೆ ತಾಯಿಯ ಮುಖ ನೋಡಿದ್ದು ಫೋನಿನಲ್ಲಿ ಮಾತ್ರ.

ದನಿ ಎತ್ತಬಾರದೆಂದು ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ್ದನ್ನು ನಾನು ಮನೆಯಲ್ಲೂ ಮೀರಿದವಳಲ್ಲ. ಅಂದು ಊಟಕ್ಕೆ ಬಂದ ಗಂಡನಿಗೆ, ಕೈ ತೊಳೆಯುವ ಮೊದಲೇ, “ನಮ್ಮನ್ನು ಗಡಿಗೆ ಕರ್ಕೊಂಡು ಹೋಗಿ” ಎಂದೆ.

“ಅಲ್ಲಿ ಹೋಗಿ ಎಂತ ಮಾಡುದು? ಅವರನ್ನು ಹಿಡಿದು ಹಾಕಿದ್ರೆ?”

“ಹಿಡಿದು ಎಲ್ಲಿಗೆ ಕಳಿಸ್ತಾರೆ?” ಎಂದರು ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಖಾಲಾ. ಆಗಲೇ ಚಪ್ಪಲಿ ಮೆಟ್ಟಿದ್ದರು.

ಗಡಿಯ ಕಚೇರಿಯಲ್ಲಿದ್ದವನು ಎಳೆಯ ಅಧಿಕಾರಿ. ಖಾಲಾಳಿಗೆ ಕುರ್ಚಿ ಎಳೆದುಕೊಟ್ಟ, ನೀರು ಕೊಟ್ಟ, ಪೂರ್ತಿ ಕೇಳಿಸಿಕೊಂಡ. ನಮ್ಮ ಇಕಾಮಾ, ಅಂದರೆ ವಾಸದ ಪರವಾನಗಿ ಕಾರ್ಡು, ನೋಡಿ ಇಂಗ್ಲಿಷಿನಲ್ಲಿ, “ನೀವಿಬ್ಬರೂ ಹೋಗಬಹುದು. ವೀಸಾ ಫೋನಿನಲ್ಲೇ ಸಿಗುತ್ತದೆ. ಇವರಿಗೆ ಸಾಧ್ಯವಿಲ್ಲ. ಇವರ ತಾಯಿಗೆ ದೇವರು ಗುಣ ಕೊಡಲಿ” ಎಂದ.

“ನನ್ನ ತಾಯಿ ಮಂಗಳೂರಿನಲ್ಲಿದ್ದಾರೆ! ಜಹ್ರಾಕ್ಕೆ ಹೋಗಿ ನಾನು ಏನು ಮಾಡಲಿ? ಸಾಯುತ್ತಿರುವುದು ಇವರ ತಾಯಿ!” ನನ್ನ ದನಿಗೆ ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಗಂಡ ನನ್ನ ಮೊಣಕೈ ಹಿಡಿದರು, ನಾನು ಬಿಡಿಸಿಕೊಂಡೆ.

ಅಧಿಕಾರಿ ನೀರಿನ ಬಾಟಲಿಯ ಮುಚ್ಚಳವನ್ನು ಬಿಗಿಮಾಡುತ್ತಾ, “ನಿಯಮ, ಮೇಡಂ” ಎಂದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಈ ನಾಡಿನಲ್ಲಿ ಒಂಟೆಗೂ ಚರ್ಮದೊಳಗೆ ಚಿಪ್ ಚುಚ್ಚಿ, ಇಂಥವರದ್ದು ಎಂದು ಬರೆದಿಡುತ್ತಾರೆ. ಒಂಟೆ ಮೇಯಿಸಿದವನ ಮೊಮ್ಮಗಳು ಮಾತ್ರ ಯಾರವಳೂ ಅಲ್ಲ. ಆಚೆಯ ದೇಶ ಈಚೆಯವಳೆನ್ನುತ್ತದೆ, ಈಚೆಯದು ಆಚೆಯವಳೆನ್ನುತ್ತದೆ. ಎರಡೂ ಕಡೆಯವರು ಎಷ್ಟು ನಯವಾಗಿ ಹೇಳುತ್ತಾರೆ!

ಖಾಲಾ ನನ್ನ ತೋಳು ಜಗ್ಗಿದರು. “ನೀನು ಹೋಗು. ಅಮ್ಮನ ಪಾದ ಮುಟ್ಟಿ ನೋಡು. ತಣ್ಣಗಾಗಿದೆಯಾ ಅಂತ ಫೋನಿನಲ್ಲಿ ನನಗೆ ಗೊತ್ತಾಗುವುದಿಲ್ಲ.”

ಮರುದಿನ ನಾನೂ ಗಂಡನೂ ಹೋದೆವು. ಪಾಸ್‌ಪೋರ್ಟಿನ ಮೇಲೆ ಠಪ್ಪನೆ ಮುದ್ರೆ ಬಿತ್ತು, ಅಷ್ಟೇ. ಆಸ್ಪತ್ರೆಯ ಮಂಚದಲ್ಲಿ ಗಲ್ಲದ ಮೇಲೆ ಹಚ್ಚೆಯಿದ್ದ ಮುದುಕಿ. ಮೂಗು ಥೇಟು ಖಾಲಾಳದ್ದು. ಹೊದಿಕೆಯೊಳಗೆ ಕೈಯಿಟ್ಟು ಪಾದ ಮುಟ್ಟಿದೆ. ಬೆಚ್ಚಗಿತ್ತು. “ನಿಮ್ಮ ಮಗಳು ಕಳಿಸಿದ್ದಾರೆ” ಎಂದು ನನ್ನ ಹರಕು ಅರೇಬಿಕ್‌ನಲ್ಲಿ ಹೇಳಿದೆ. ‘ಮಗಳು’ ಎಂದದ್ದೇ ಆ ಕಣ್ಣು ನನ್ನ ಮುಖ ಬಿಟ್ಟು, ಹೆಗಲ ಮೇಲಿನಿಂದ ಬಾಗಿಲಿಗೆ ಹೋಯಿತು. ಬೇರೆ ಯಾರೂ ಬಂದಿಲ್ಲವೆಂದು ಅವರ ಮಗ ಬಗ್ಗಿ ಹೇಳಿದ. ನರ್ಸ್ ಬಾಗಿಲು ಮುಚ್ಚಲು ಹೋದಾಗ ಆ ತಾಯಿ ಸೂಜಿ ಚುಚ್ಚಿದ್ದ ಕೈಯನ್ನು ಎತ್ತಿ ತಡೆದರು.

ಹೊರಗೆ ಬಂದು ಫೋನ್ ಮಾಡಿದೆ.

“ಪಾದ?” ಎಂದರು ಖಾಲಾ.

“ಬೆಚ್ಚಗುಂಟು.”

“ನನ್ನನ್ನು ಕೇಳಿದರಾ?”

ಏನಾದರೊಂದು ಸಮಾಧಾನ ಹೇಳೆಂದು ಗಂಡ ಕಣ್ಸನ್ನೆ ಮಾಡಿದರು. ನಯವಾದ ಮಾತುಗಳು ನನಗೆ ಸಾಕಾಗಿದ್ದವು.

“ಬಾಗಿಲು ಮುಚ್ಚಲಿಕ್ಕೆ ಬಿಡ್ತಾ ಇಲ್ಲ, ಖಾಲಾ.”