ಕಡಿವಾಣವಿಲ್ಲದ ಕುದುರೆ

ಟಕ್, ಟಕ್. ಸ್ವಲ್ಪ ತಡೆದು ಮತ್ತೊಂದು ಟಕ್. ಇಟಗಿಯ ಊರ ಹೊರಗಿನ ಆ ಗುಡಿಸಲ ಮುಂದೆ ಬೆಳಗಾದರೆ ಕಲ್ಲಿಗೆ ಗೊರಸು ಬಡಿಯುವ ಸದ್ದು. ಬಾಲಪ್ಪ ಕುದುರೆ ಹತ್ತುತ್ತಿದ್ದ ಹೊತ್ತು ಅದು. ಬಾಲಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು; ಕುದುರೆಗೆ ಅದನ್ನು ಯಾರು ಹೇಳಬೇಕು? ಅವನ ಹೆಂಡತಿ ಪಕ್ಕೀರವ್ವ ಹೊರಗೆ ಬಂದು ಅದರ ಕುತ್ತಿಗೆಯ ಮೇಲೆ ಕೈಯಿಟ್ಟು ನಿಲ್ಲುವಳು.

ಕುರಿಗಾರರ ಮನೆತನ. ಸುಗ್ಗಿ ಮುಗಿದರೆ ಮಂದೆ ಹೊಡೆದುಕೊಂಡು ಗಂಗಾವತಿಯ ಕಡೆ, ಕೊಯ್ದ ಗದ್ದೆಗಳಿಗೆ ನಡೆಯುವುದು. ಕುರಿ ನಿಲ್ಲಿಸಲು ಮುಂದಿನ ಗದ್ದೆ ಯಾವುದೆಂದು ನೋಡಿಬರಲು ಗಂಡ ಹೆಂಡತಿ ಕುದುರೆ ಹತ್ತಿ ಮುಂದೆ ಹೋಗುವರು. ಬಾಲಪ್ಪ ಅದರ ಬಾಯಿಗೆ ಎಂದೂ ಕಡಿವಾಣ ಹಾಕಿದವನಲ್ಲ. ಎಡಕ್ಕೆ ತಿರುಗಬೇಕಾದರೆ ತಾನು ಎಡಕ್ಕೆ ನೋಡುವನು, ಅಷ್ಟೇ. ಮೊಣಕಾಲು ತುಸುವೇ ಒತ್ತಿದರೆ ಅದು ಓಟಕ್ಕೆ ಬೀಳುವುದು.

"ಅದಕ್ಕ ಮಾತಿಲ್ದ ಹೇಳ್ತಿ, ನನಗ ಮಾತ್ರ ಒದರಿ ಹೇಳ್ತಿ," ಎಂದು ಹಿಂದೆ ಕುಳಿತ ಪಕ್ಕೀರವ್ವ ಚುಚ್ಚುವಳು.

"ಅದು ಕೇಳ್ತೈತಿ. ನೀ ಎಲ್ಲಿ ಕೇಳ್ತಿ?"

ಅವನ ನಗು ಅವನ ಬೆನ್ನಿನಿಂದ ಅವಳ ಕೆನ್ನೆಗೆ ದಾಟುತ್ತಿತ್ತು.

ಆ ವರ್ಷ, 2003ರಲ್ಲಿ, ಮಂದೆ ಹೊಡೆದವನು ಮೈದುನ ಯಂಕೇಶ. ಕುದುರೆಯ ಮೇಲೆ ಪಕ್ಕೀರವ್ವ ಒಬ್ಬಳೇ. ಹಿಟ್ನಾಳದ ಹತ್ತಿರ ಹೆದ್ದಾರಿಯ ನಟ್ಟನಡುವೆ ಅದು ನಿಂತುಬಿಟ್ಟಿತು. ಲಾರಿಯೊಂದು ಕಿರುಚಿಕೊಂಡು ಪಕ್ಕಕ್ಕೆ ಸರಿಯಿತು. ಯಂಕೇಶ ಓಡಿಬಂದು ಕೋಲಿನಿಂದ ಬಾರಿಸಿದ.

"ನಮ್ಮಣ್ಣನ ಸೊಕ್ಕೆಲ್ಲಾ ಇದಕ್ಕ ಬಂದೈತಿ!"

ಮರುದಿನವೂ ನಿಂತಿತು, ಮತ್ತೆ ಕೋಲು.

ಮೂರನೆಯ ಸಲ ಪಕ್ಕೀರವ್ವನಿಗೆ ತಿಳಿಯಿತು. ಗದ್ದೆಯಂಚಿನಲ್ಲಿ ಹೋದ ವರ್ಷ ಬಾಲಪ್ಪ ಒಲೆ ಹೂಡಿದ್ದ ಮೂರು ಕಲ್ಲುಗಳು ಹಾಗೆಯೇ ಇದ್ದವು. ನೋಡಿ ನಿಟ್ಟುಸಿರಿಟ್ಟಳು. ಕುದುರೆ ನಿಂತಿತು. ಬಾಲಪ್ಪ ನಿಲ್ಲಿಸುತ್ತಿದ್ದುದೂ ಹೀಗೆಯೇ: ಭುಜ ಇಳಿಬಿಟ್ಟು ಉದ್ದಕ್ಕೊಂದು ಉಸಿರು. ಎಂಟು ವರ್ಷ ಅವನ ಬೆನ್ನಿಗೊರಗಿ ಕುಳಿತವಳಿಗೆ ಆ ಉಸಿರು ಗೊತ್ತಿತ್ತು. ಕುದುರೆ ಸೊಕ್ಕು ಮಾಡಿರಲಿಲ್ಲ, ಹೇಳಿದ್ದನ್ನು ಕೇಳಿತ್ತು.

"ಅದನ್ನ ಬಡೀಬ್ಯಾಡೋ. ನಿಲ್ಲಿಸಿದಾಕಿ ನಾನು, ನಿಟ್ಟುಸುರು ಬಿಟ್ಟು."

"ಹಂಗಾರ ಉಸುರು ಹಾಕೂದು ಬಿಡು ಅತ್ತಿಗಿ!"

"ಕಣ್ಣೀರಾದ್ರ ತಡೀತೀನಿ. ಇದು ನನಗ ಗೊತ್ತಾಗೂದ್ರೊಳಗ ಹೊರಗ ಬಿದ್ದಿರತೈತಿ."

ಇಳಿದು, ಹಗ್ಗ ಹಿಡಿದು ನಡೆದರೂ ಅಷ್ಟೇ. ಅವಳ ಉಸಿರಿಗೆ ಕಿವಿ ತಿರುಗಿಸಿ ನಿಲ್ಲುತ್ತಿತ್ತು. ಮಂದೆ ಮುಂದೆ ಹೋಗಿಬಿಡುತ್ತಿತ್ತು, ಯಂಕೇಶ ತಿರುಗಿ ಬರುತ್ತಿದ್ದ. ವಾರದಲ್ಲಿ ಅದರ ಪಕ್ಕೆಯ ತುಂಬ ಬಾಸುಂಡೆ. ತನ್ನ ದುಃಖಕ್ಕೆ ಅದು ಪೆಟ್ಟು ತಿನ್ನುವುದನ್ನು ನೋಡಲಾರದೆ ಪಕ್ಕೀರವ್ವ ತಾನೇ, ಕುದುರೆ ಒಯ್ಯಿರೆಂದು ಗಂಗಾವತಿಯ ಶಬ್ಬೀರಸಾಬನಿಗೆ ಹೇಳಿಕಳಿಸಿದಳು. ಮದುಮಗನ ಮೆರವಣಿಗೆಗೆ ಕುದುರೆ ಕೊಡುವವನು. ಪ್ರಾಣಿಯ ಮೇಲೆ ಕೈಯೆತ್ತಿದವನಲ್ಲ.

ಅವನು ಬಂದು ಬಾಸುಂಡೆ ಸವರಿ ನೋಡಿದ. "ಚಿಂತಿ ಮಾಡಬ್ಯಾಡ್ರಿ ಅಕ್ಕಾ, ಮದುವಿ ಮನ್ಯಾಗ ಇದನ್ನ ಬಡಿಯೋರಿಲ್ಲ, ನಗೋರ ಭಾಳ ಮಂದಿ," ಎಂದು ಹತ್ತಿ ಕೂತ. ಹತ್ತು ಹೆಜ್ಜೆ ಹೋದ ಮೇಲೆ ಕತ್ತು ತಿರುಗಿಸಿ ಕೂಗಿದ: "ನಿಲ್ಲಿಸೂದು ಹೆಂಗ್ರಿ ಇದನ್ನ?"

ಹೇಳಲೆಂದು ಪಕ್ಕೀರವ್ವ ಬಾಯಿ ತೆರೆದಳು. ಬಂದದ್ದು ಉಸಿರು.

ಕುದುರೆ ನಿಂತಿತು. ಎರಡೂ ಕಿವಿಗಳನ್ನು ಅವಳತ್ತ ತಿರುಗಿಸಿತು.

"ನೀವು ನಡೀರಿ, ಸಾಬ್ರ. ನಾ ಇಲ್ಲೇ ನಿಂತ್ರ ಅದು..." ಎನ್ನುತ್ತಲೇ ಅವಳು ಗದ್ದೆಯ ಬದು ಹಿಡಿದು ನಡೆದುಬಿಟ್ಟಳು.