ಸೋಪಿನ ನೊರೆ, ಅತ್ತೆಯ ಕರ್ಪೂರ

ಸ್ಕಂದಗಿರಿಗೆ ಟ್ರೆಕ್ಕಿಂಗ್ ಬರುವವರನ್ನು ಕರೆದುಕೊಂಡು ಹೋಗೋದು ನನ್ನ ಕೆಲಸ. ಹೊಸ ಕ್ಯಾಂಪಿಂಗ್ ಸ್ಟವ್ ತಂದರೆ ಮೊದಲು ನಮ್ಮನೆ ಅಂಗಳದಲ್ಲೇ ಪರೀಕ್ಷೆ ಮಾಡ್ತೀನಿ. ಅವತ್ತು ಪುಟ್ಟ ಗ್ಯಾಸ್ ಡಬ್ಬವನ್ನು ಸ್ಟವ್‌ಗೆ ತಿರುಗಿಸಿ ಕೂರಿಸಿ, ಸಂದಿಗೆ ಸೋಪಿನ ನೀರು ಸವರಿದೆ. ಬುಳುಬುಳು ಗುಳ್ಳೆ ಎದ್ದವು. ಗ್ಯಾಸ್ ಸೋರ್ತಿದೆ!

ಅಷ್ಟರಲ್ಲಿ ಹಿಂದೆ ಬಳೆ ಸದ್ದು. ನಮ್ಮತ್ತೆ! ಕೈಲಿದ್ದ ತಟ್ಟೆಯಲ್ಲಿ ಅರಿಶಿನ, ಕುಂಕುಮ, ಉರಿಯೋ ಕರ್ಪೂರ.

"ಅತ್ತೆ, ಅಲ್ಲೇ ನಿಲ್ಲಿ! ಆರಿಸಿ ಅದನ್ನ!"

"ಆರತಿ ಆರಿಸ್ತಾರೇನಮ್ಮ? ಹೊಸ ಒಲೆ, ಪೂಜೆ ಮಾಡ್ದೆ ಹಚ್ಚಬಾರದು."

"ಇನ್ನೊಂದು ಹೆಜ್ಜೆ ಇಟ್ರೆ ನಮ್ಮಿಬ್ರಿಗೂ ತಿಥಿ ಮಾಡ್ಬೇಕಾಗುತ್ತೆ!"

ಅತ್ತೆ ಮುನಿಸಿಕೊಂಡು ದೂರ ಹೋಗಿ ಕೂತರು. ನಾನು ಡಬ್ಬ ಬಿಚ್ಚಿ, ಹರಿದಿದ್ದ ವಾಷರ್ ಬದಲಾಯಿಸಿ, ಮತ್ತೆ ಸೋಪಿನ ನೀರು ಸವರಿದೆ. ಗುಳ್ಳೆ ಏಳಲಿಲ್ಲ. ಆಮೇಲೇ ಸ್ಟವ್ ಹಚ್ಚಿದ್ದು.

"ನನ್ನ ಕುಂಕುಮ ಬೇಡ, ನಿನ್ನ ಸೋಪು ಮಾತ್ರ ಆಗ್ಬೇಕಾ?" ಅಂದರು ಅತ್ತೆ. ಸೋಪು ಯಾಕೆ ಅಂತ ಗಂಟಲು ಒಣಗುವವರೆಗೆ ವಿವರಿಸಿದೆ. ಅರ್ಥ ಆಯ್ತು ಅಂದರು.

ಮೊನ್ನೆ ಅಡುಗೆಮನೆಗೆ ಹೊಸ ಸಿಲಿಂಡರ್ ಬಂತು. ಹೋಗಿ ನೋಡಿದರೆ, ಅತ್ತೆ ಭಕ್ತಿಯಿಂದ ರೆಗ್ಯುಲೇಟರ್ ಸುತ್ತ ಸೋಪಿನ ನೀರು ಸವರುತ್ತಿದ್ದಾರೆ. ಇನ್ನೊಂದು ಕೈಯಲ್ಲಿ ಉರಿಯೋ ಕರ್ಪೂರ.

"ಅತ್ತೆ!" ಅಂತ ಕಿರುಚಿದೆ.

"ಮೂಲೇಲಿ ಕತ್ತಲು ಕಣಮ್ಮ. ಬೆಳಕಿಲ್ದೆ ಗುಳ್ಳೆ ಹೆಂಗೆ ಕಾಣ್ಬೇಕು?"